ಅಸ್ಗರಿಬಿ ಮತ್ತು ತವರದ ಕಾಣದ ಬೆಳಕು

ಕಲ್ಯಾಣಿಯ ಕೋಟೆಯ ಹಿಂದಿನ ಓಣಿಯಲ್ಲಿ ಕಲಾಯಿಗಾರ ಜಲಾಲುದ್ದೀನನ ಮನೆ ಯಾರಿಗೆ ಗೊತ್ತಿರಲಿಲ್ಲ? ಊರಿಗೆ ಬಸವಕಲ್ಯಾಣ ಎಂಬ ಹೆಸರು ಇನ್ನೂ ಬಂದಿರದ, ನಿಜಾಮರ ಆಳ್ವಿಕೆಯ ಕಾಲ ಅದು. ಅವನ ಅಂಗಳದಲ್ಲಿ ಬೆಳಗಿನಿಂದ ತಿದಿಯ ಉಸಿರು, ನವಸಾಗರದ ಪುಡಿಯ ಬಿಳಿ ಹೊಗೆ. ಹಸಿರುಗಟ್ಟಿ ಬಂದ ತಾಮ್ರದ ಪಾತ್ರೆಗಳು ಒಳಗೆ ತವರ ಬಳಿಸಿಕೊಂಡು ಬೆಳ್ಳಿಯಂತೆ ಹೊಳೆಯುತ್ತಾ ಹೋಗುತ್ತಿದ್ದವು.

ಅವನ ಒಬ್ಬಳೇ ಮಗಳು ಅಸ್ಗರಿ. ಒಮ್ಮೆ ಕೇಳಿದ ಅಂಕಿ ಅವಳ ತಲೆಯಿಂದ ಹೋಗುತ್ತಿರಲಿಲ್ಲ. ಬೇರೆ ಮಕ್ಕಳಿಗೆ ಮುಖಗಳು ನೆನಪಿರುವ ಹಾಗೆ ಅವಳಿಗೆ ಸಂಖ್ಯೆಗಳು ನೆನಪಿರುತ್ತಿದ್ದವು. ಹದಿನೈದಕ್ಕೆ ಘಾಟಬೋರಾಳದ ಒಬ್ಬ ದರ್ಜಿಗೆ ಕೊಟ್ಟು ಮದುವೆ ಮಾಡಿದರು. ಹನ್ನೊಂದು ತಿಂಗಳಲ್ಲಿ ಕಾಲರಾ ಬಂದು ಗಂಡ ತೀರಿಕೊಂಡ. ತವರಿಗೆ ಮರಳಿದ ಅಸ್ಗರಿ ಉರ್ದು ಶಾಲೆಯ ಮಿಡ್ಲ್ ಪರೀಕ್ಷೆ ಮುಗಿಸಿ, ಅದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸಲು ನಿಂತಳು. ಮತ್ತೆ ಮದುವೆಯ ಮಾತು ಬಂದಾಗಲೆಲ್ಲ ಪಾಟಿ ತಿದ್ದುವ ನೆಪ ಮಾಡಿ ಒಳಗೆ ಹೋಗುತ್ತಿದ್ದಳು.

೧೯೪೨ರಲ್ಲಿ ಜಪಾನಿನವರು ಮಲಾಯಾ ಹಿಡಿದರು. ಆ ದೇಶ ಎಲ್ಲಿದೆಯೆಂದು ಜಲಾಲುದ್ದೀನನಿಗೆ ತಿಳಿಯದು. ಆದರೆ ಅವನ ತವರವೆಲ್ಲ ಬರುತ್ತಿದ್ದದ್ದು ಅಲ್ಲಿಂದ. ಮಳೆಗಾಲದ ಹೊತ್ತಿಗೆ ಪೇಟೆಯಲ್ಲಿ ತವರ ಇಲ್ಲವಾಯಿತು. ಕೊನೆಯ ಒಂದು ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನು ಕೆಲಸ ಹುಡುಕುತ್ತಾ ಹುಮನಾಬಾದಿಗೆ ಹೋದ. ಅಲ್ಲೊಂದು ವಾಡೆಯ ಬಾಗಿಲಲ್ಲಿ ಶಾಲು ಹೊದ್ದ ತೆಳ್ಳನೆಯ ಮನುಷ್ಯನೊಬ್ಬ ಅವನನ್ನು ತಡೆದ.

"ಚೊಕ್ಕ ತವರ ಅದ ಏನ್ರಿ ನಿಮ್ಮ ಹಂತ್ಯಾಕ?"

"ಥೋಡೆ ಅದ್ರಿ. ಯಾವ ಪಾತ್ರೆಗೆ ಹಚ್ಚಬೇಕ್ರಿ?"

"ಪಾತ್ರೆಗಲ್ಲ. ಅದರೊಳಗಿಂದ ಬೆಳಕು ತೆಗೀಬೇಕು."

ಜಲಾಲುದ್ದೀನ ಒಂದು ಹೆಜ್ಜೆ ಹಿಂದೆ ಸರಿದ.

ಆ ಮನುಷ್ಯ ದಿಗಂಬರರಾಯ. ಹೈದರಾಬಾದಿನ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು, ಎದೆರೋಗ ಹಿಡಿದು ಹಿಂದಿನ ವರ್ಷ ತಾಯಿಯ ಮನೆಗೆ ಬಂದು ಕೂತಿದ್ದರು. ಕಲಕತ್ತೆಯ ಪ್ರಯೋಗಶಾಲೆಯಲ್ಲಿ ಅವರ ಗೆಳೆಯನೊಬ್ಬನಿದ್ದ. ಗಾಳಿಯೆಲ್ಲ ತೆಗೆದ ಕೊಳವೆಯೊಳಗೆ ತವರದ ಎರಡು ಕಡ್ಡಿಗಳ ನಡುವೆ ಸಿಡಿಲಿನಂಥ ಕಿಡಿ ಹಾರಿಸಿ, ಅದರ ಬೆಳಕನ್ನು ಗಾಜಿನ ಪ್ಲೇಟಿನ ಮೇಲೆ ಹಿಡಿಯುವುದು ಅವನ ಕೆಲಸ. ಯುದ್ಧ ಬಂದ ಮೇಲೆ ವಿಲಾಯತಿಯಿಂದ ಪ್ಲೇಟುಗಳು ಬರುವುದು ನಿಂತಿತು. ಬೆಳಕು ಹಿಡಿಯಲಾಗದಿದ್ದರೆ ಅದು ಹೇಗಿರುತ್ತದೆಂದು ಲೆಕ್ಕದಿಂದಲೇ ಬರೆದಿಡೋಣ ಎಂದು ರಾಯರು ಹಟ ತೊಟ್ಟಿದ್ದರು. ಒಬ್ಬರಿಂದ ಆಗುವ ಲೆಕ್ಕವಲ್ಲ ಅದು, ಮೇಲಾಗಿ ಅರ್ಧ ತಾಸು ಕೂತರೆ ಅವರಿಗೆ ಕೆಮ್ಮು ಬರುತ್ತಿತ್ತು.

"ಲೆಕ್ಕ ಮಾಡವ್ರು ಬೇಕಾಗ್ಯಾರ," ಎಂದರು ರಾಯರು.

"ನನ್ನ ಮಗಳು ಮಾಡ್ತಾಳ್ರಿ," ಎಂದ ಜಲಾಲುದ್ದೀನ. ಎಂಥ ಲೆಕ್ಕ ಎಂದು ಕೇಳಲೂ ಇಲ್ಲ.

ಮುಂದಿನ ಶುಕ್ರವಾರ ಶಾಲೆಗೆ ರಜೆ. ತಂದೆಯ ಜೊತೆ ಅಸ್ಗರಿ ಮೋಟಾರು ಹತ್ತಿ ಹುಮನಾಬಾದಿಗೆ ಬಂದಳು. ರಾಯರ ತಾಯಿ ತುಳಜಾಬಾಯಿ ಪಡಸಾಲೆಯ ನಡುವೆ ಹಳೇ ಸೀರೆಯೊಂದನ್ನು ಪರದೆಯಾಗಿ ಕಟ್ಟಿಸಿದ್ದರು. ಈಚೆ ಅಸ್ಗರಿ, ಆಚೆ ರಾಯರು. ಮುದುಕಿ ಪರದೆಯ ಅಂಚಿನಲ್ಲಿ ಇಬ್ಬರೂ ಕಾಣುವಂತೆ ಕೂತು ಬತ್ತಿ ಹೊಸೆಯುತ್ತಿದ್ದರು.

ರಾಯರು ಆರು ಅಂಕಿಗಳ ಒಂದು ಸಾಲು ಓದಿ, ಕೂಡಿಸಿದರೆ ಎಷ್ಟಾಯಿತೆಂದೂ ತಾವೇ ಹೇಳಿದರು.

"ಮೂರನೇದು ತಪ್ಪು ಓದೀರಿ ರಾಯರ," ಎಂದಳು ಅಸ್ಗರಿ. "ಉಳಿದವು ಒಂದೇ ಸಮ ಏರ್ಯಾವ, ಅದೊಂದೇ ತಪ್ಪೇದ. ನೀವು ಓದಿದ್ದು ಕೂಡಿಸಿದ್ರೂ ಅಷ್ಟಾಗಂಗಿಲ್ಲ."

ಪರದೆಯಾಚೆ ಕಾಗದ ಸರಿಸುವ ಸದ್ದು. ಆಮೇಲೆ ಕೆಮ್ಮು, ಆ ಕೆಮ್ಮಿನೊಳಗೇ ನಗು. "ಹೌದ್ರಿ. ತಪ್ಪು ಓದೀನಿ."

ಅವತ್ತೇ ಅವರು ಕೆಲಸ ವಿವರಿಸಿದರು. ತವರದ ಒಂದು ಪರಮಾಣುವಿನಲ್ಲಿ ಐವತ್ತು ಎಲೆಕ್ಟ್ರಾನು ಇರುತ್ತವೆ. ದೊಡ್ಡ ಕಿಡಿಯಲ್ಲಿ ಹತ್ತು, ಹನ್ನೆರಡು, ಹದಿಮೂರು ಕಿತ್ತುಹೋಗುತ್ತವೆ. ಉಳಿದವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಾಗ ಬೆಳಕು ಹೊರಡುತ್ತದೆ. ಒಂದೊಂದು ಇಳಿತಕ್ಕೆ ಒಂದೊಂದು ಗೆರೆ. ಗೆರೆ ಎಲ್ಲಿ ಬೀಳುತ್ತದೆ, ಎಷ್ಟು ದಪ್ಪ ಬೀಳುತ್ತದೆ ಎನ್ನುವುದೇ ಲೆಕ್ಕ.

"ಆ ಬೆಳಕು ಯಾವ ಬಣ್ಣ ಇರ್ತದ್ರಿ?" ಎಂದು ಅಸ್ಗರಿ ಕೇಳಿದಳು.

"ಬಣ್ಣ ಇಲ್ಲ. ಅದನ್ನ ಯಾರೂ ಕಂಡಿಲ್ಲ, ಕಾಣೋದೂ ಇಲ್ಲ. ಕಣ್ಣಿಗೆ ಹತ್ತೋದಲ್ಲ ಅದು. ಗಾಳಿ ಸೋಕಿದ್ರ ಸಾಯ್ತದ. ಒಂದು ಗೇಣು ಗಾಳಿ ಸಾಕು, ಪೂರಾ ನುಂಗಿಬಿಡ್ತದ."

ತುಳಜಾಬಾಯಿಯ ಕೈ ಬತ್ತಿಯ ಮೇಲೆ ನಿಂತಿತು. "ಇಂಥದ್ದರ ಗೊಡವಿ ನಮಗ್ಯಾಕೋ ದಿಗೂ," ಎಂದರು.

ಅಸ್ಗರಿ ಕಾಗದಗಳನ್ನು ಕಟ್ಟಿಕೊಂಡು ಕಲ್ಯಾಣಿಗೆ ಬಂದಳು. ಶಾಲೆ ಬಿಟ್ಟ ಮೇಲೆ ಅಂಗಳದ ಬೇವಿನ ನೆರಳಲ್ಲಿ ರಾಯರು ಕೊಟ್ಟು ಕಲಿಸಿದ್ದ ಲಾಗರಿದಮ್ ಪುಸ್ತಕ ಹರವಿಕೊಂಡು ಕೂರುತ್ತಿದ್ದಳು. ತಿದಿ ಸುಮ್ಮನಿದ್ದ ಮನೆಯಲ್ಲಿ ಈಗ ಲೆಕ್ಕಣಿಕೆಯ ಸದ್ದೊಂದೇ. ಮೊದಲು ಮಾಡಿದ್ದು ಹದಿಮೂರು ಕಿತ್ತ ತವರ. ಬೆರಳಲ್ಲಿ ಎಣಿಸುವಷ್ಟು ಗೆರೆಗಳು, ಸುಲಭವಾಗಿ ಮುಗಿಯಿತು. ಮುಖ್ಯವಾದವೆಲ್ಲ ಬಂದು ಬಿದ್ದದ್ದು ನೂರಾ ಮೂವತ್ತೈದರ ಆಸುಪಾಸಿನಲ್ಲಿ. ಬೆಳಕಿನ ಅಲೆಯ ಉದ್ದ ಅಳೆಯುವ ಅತಿ ಸಣ್ಣ ಮಾಪಿನಲ್ಲಿ ಅಷ್ಟು.

ಆಮೇಲೆ ಹನ್ನೆರಡು ಕಿತ್ತ ತವರ. ಅದು ಬೇರೆಯದೇ ಮೆಟ್ಟಿಲು, ಬೇರೆಯದೇ ಅಂಕಿ. ಗೆರೆಗಳ ಸಂಖ್ಯೆ ನೂರರ ಹತ್ತಿರ ಹೋಯಿತು. ಒಂದು ಎಲೆಕ್ಟ್ರಾನು ಹೆಚ್ಚಿಗೆ ಉಳಿದರೆ ಬೆಳಕು ಬೇರೆ ಕಡೆ ಸರಿಯಬೇಕು ಎಂದು ರಾಯರೇ ಹೇಳಿದ್ದರು. ಎರಡು ತಿಂಗಳ ಮೇಲೆ ಅಸ್ಗರಿ ಗೆರೆಗಳನ್ನು ಕಾಗದದ ಮೇಲೆ ಎಳೆದು ನೋಡಿದಳು. ದಟ್ಟವಾಗಿ ಗುಂಪುಗೂಡಿದ್ದು ನೂರಾ ಮೂವತ್ತೈದರಲ್ಲೇ.

ಹಳೇ ಅಂಕಿ ಕೈಗೆ ರೂಢಿಯಾಗಿ ತಪ್ಪು ಬರೆದಿರಬೇಕು ಎಂದುಕೊಂಡು ಮೊದಲಿನಿಂದ ಮಾಡಿದಳು. ಅಲ್ಲಿಗೇ ಬಂತು. ಹನ್ನೊಂದು ಕಿತ್ತದ್ದನ್ನು ಹಿಡಿದಳು. ನಾನೂರು ಗೆರೆ ಆಗುವ ಹೊತ್ತಿಗೆ ೧೯೪೩ರ ಬೇಸಿಗೆ. ಒಂದೊಂದು ಗೆರೆಯ ಕೊನೆಯ ಭಾಗಾಕಾರ ಮಾಡುವಾಗಲೂ ಉತ್ತರ ಯಾವ ಕಡೆ ಹೊರಟಿದೆಯೆಂದು ಅವಳಿಗೆ ಮೊದಲೇ ತಿಳಿಯುತ್ತಿತ್ತು. ಕತ್ತಲ ಕೋಣೆಯಲ್ಲಿ ಯಾರೋ ಒಂದೇ ಮೂಲೆಯಲ್ಲಿ ನಿಂತು ಎಲ್ಲರನ್ನೂ ತಮ್ಮತ್ತ ಕರೆಯುತ್ತಿರುವ ಹಾಗೆ ಅನಿಸುತ್ತಿತ್ತು. ಉರಿಬಿಸಿಲ ಮಧ್ಯಾಹ್ನ, ಬೇವಿನ ಕೆಳಗೆ, ಅವಳು ಸೆರಗು ಬಿಗಿಯಾಗಿ ಹೊದ್ದುಕೊಳ್ಳುತ್ತಿದ್ದಳು.

"ಅಬ್ಬಾ, ಹೊಸಾ ಅಂಕಿ ಕೊಟ್ರೂ ಅದೇ ಜಾಗಾಕ್ಕ ಹೊಂಟಾವ," ಎಂದಳು ಒಂದು ದಿನ.

ಜಲಾಲುದ್ದೀನ ಮಗಳ ಮುಖ ನೋಡಿದ. ಎದ್ದು ದರ್ಗಾಕ್ಕೆ ಹೋಗಿ ಒಂದು ತಾಯತ ತಂದು ಅವಳ ತೋಳಿಗೆ ಕಟ್ಟಿದ. ಅವಳು ಬೇಡವೆನ್ನಲಿಲ್ಲ.

ರಾಯರಿಗೂ ಹೇಳಿದಳು. ಅವರಿಗೆ ನಂಬಿಕೆ ಬರಲಿಲ್ಲ.

"ಮನಸ್ಸು ಒಂದು ಕಡೆ ಕೂತ್ರ ಕೈನೂ ಅಲ್ಲಿಗೇ ಹೋಗ್ತದ, ಅಸ್ಗರಿಬಿ. ನಿಮ್ಮ ತಪ್ಪಲ್ಲ. ಹಿಂಗ ಮಾಡೋಣ. ಇನ್ನ ಮ್ಯಾಲೆ ಹಾಳೆ ಮ್ಯಾಲೆ ಹೆಸರು ಬರಿಯಂಗಿಲ್ಲ ನಾ. ಎಷ್ಟು ಕಿತ್ತದ್ದು ಅಂತ ನಿಮಗ ಗೊತ್ತಿರಬಾರದು. ಬರೇ ಅಂಕಿ ಕೊಡ್ತೀನಿ."

ಹಾಗೆ ಹೆಸರಿಲ್ಲದ ನಾಲ್ಕು ಹಾಳೆ ಬಂದವು. ಅಸ್ಗರಿ ಹಳೆಯ ಕಾಗದವನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ತಂದೆಯ ಹತ್ತಿರ ಕೊಟ್ಟು ಲೆಕ್ಕಕ್ಕೆ ಕೂತಳು. ಮೂರು ಹಾಳೆ ನೂರಾ ಮೂವತ್ತೈದಕ್ಕೇ ಬಂದವು. ನಾಲ್ಕನೆಯದು ಮಾತ್ರ ಕಾಳು ಚೆಲ್ಲಿದಂತೆ ಎಲ್ಲೆಲ್ಲೋ ಹರಡಿಕೊಂಡಿತು, ಎಲ್ಲೂ ಗುಂಪು ಕಟ್ಟಲಿಲ್ಲ. ತನಗೆ ತಲೆ ಕೆಟ್ಟಿತೆಂದೇ ಅವಳು ಹೆದರಿದಳು.

ಅದನ್ನು ಕೇಳಿ ರಾಯರು ಗೋಡೆಗೊರಗಿದ್ದನ್ನು ತುಳಜಾಬಾಯಿ ಕಂಡರು. "ನಾಲ್ಕನೇದು ತವರ ಅಲ್ಲ," ಎಂದರು ರಾಯರು. "ಯಾವುದೂ ಅಲ್ಲ. ನಾ ಮನಸ್ಸಿಗೆ ಬಂದಂಗ ಬರ್ದ ಅಂಕಿ. ನಿಮ್ಮ ಕೈ ತಾನಾಗೇ ಅಲ್ಲಿಗೆ ಹೊಂಟಿದ್ರ ಅದೂ ಅಲ್ಲಿಗೇ ಹೋಗಬೇಕಿತ್ತು. ಖರೇ ತವರ ಇದ್ದದ್ದಷ್ಟೇ ಹೋಗ್ಯಾವ."

"ಅಂದ್ರ?"

"ಅಂದ್ರ ಅದು ಅಲ್ಲೇ ಅದ. ಎಷ್ಟು ಕಿತ್ರೂ ಬಂದು ಅಲ್ಲೇ ನಿಲ್ತದ."

ಯಾಕೆ ಎಂದು ಅವರು ಆಮೇಲೆ ಸಮಾಧಾನ ಹೇಳಿದರು. ಎಲೆಕ್ಟ್ರಾನು ಕಡಿಮೆಯಾದಷ್ಟೂ ನಡುವಿನ ಬೀಜದ ಎಳೆತ ಬಿಗಿಯಾಗುತ್ತದೆ, ಉಳಿದವುಗಳ ತಳ್ಳಾಟ ಅಷ್ಟೇ ಸಡಿಲವಾಗುತ್ತದೆ. ಒಂದರಲ್ಲಿ ಗಳಿಸಿದ್ದು ಇನ್ನೊಂದರಲ್ಲಿ ಹೋಗುವುದರಿಂದ ಬೆಳಕು ಕದಲುವುದಿಲ್ಲ. ಮಾತು ಸರಿಯಾಗಿಯೇ ಇತ್ತು. ಆದರೂ ಅಸ್ಗರಿಯ ತೋಳಿನ ತಾಯತ ಬಿಚ್ಚುವ ಮನಸ್ಸು ಯಾರಿಗೂ ಆಗಲಿಲ್ಲ.

ಹತ್ತು ಕಿತ್ತ ತವರಕ್ಕೆ ಎರಡು ವರ್ಷ ಹಿಡಿಯಿತು. ಪೂರ್ತಿ ಮಾಡಿದರೆ ಆಯುಷ್ಯ ಸಾಲದೆಂದು ದಪ್ಪ ಗೆರೆಗಳನ್ನಷ್ಟೇ ಆರಿಸಿಕೊಂಡರು. ಗೋಧಿ ಹಿಟ್ಟಿನ ಅಂಟಿನಿಂದ ಹಾಳೆಗೆ ಹಾಳೆ ಜೋಡಿಸಿ ಅಸ್ಗರಿ ಎಂಟು ಮೊಳದ ಸುರುಳಿ ಮಾಡಿದಳು. ನಾಲ್ಕೂ ಬಗೆಯ ತವರದ ಗೆರೆಗಳನ್ನು ಒಂದರ ಮೇಲೊಂದು ಎಳೆದಳು. ಎರಡು ಬದಿ ಬಿಳಿ ಬಿಳಿ, ನಡುವೆ ಒಂದು ಕಪ್ಪು ದಿಬ್ಬ. ಅಲ್ಲಿ ಮಸಿ ಕುಡಿದು ಕಾಗದ ಮೆತ್ತಗಾಗಿತ್ತು.

ಯುದ್ಧ ಮುಗಿದ ಮರುವರ್ಷ, ೧೯೪೬ರಲ್ಲಿ, ಕಲಕತ್ತೆಯ ಗೆಳೆಯನಿಗೆ ಪ್ಲೇಟುಗಳು ಬಂದವು. ರಾಯರು ಕಳಿಸಿದ್ದ ಜಲಾಲುದ್ದೀನನ ಕೊನೆಯ ಗಟ್ಟಿಯಿಂದಲೇ ಕಡ್ಡಿ ಮಾಡಿಸಿ ಅವನು ಕಿಡಿ ಹಾರಿಸಿದ. ದೀಪಾವಳಿಯ ಹಿಂದಿನ ವಾರ ಟಪಾಲಿನಲ್ಲಿ ಅದರ ಚಿತ್ರ ಬಂತು. ಆ ದಿನ ರಾಯರು ಮೊದಲ ಸಲ ಪರದೆ ಸರಿಸಿ, ಸುರುಳಿಯನ್ನೂ ಚಿತ್ರವನ್ನೂ ಒಂದೇ ಚಾಪೆಯ ಮೇಲೆ ಹರವಿದರು. ಪ್ಲೇಟಿನಲ್ಲಿ ಬೆಳಕು ಬಿದ್ದ ಕಡೆ ಕಪ್ಪಾಗುತ್ತದೆ. ಎರಡು ಬದಿ ಬಿಳಿ, ನಡುವೆ ಕಪ್ಪು ದಿಬ್ಬ. ಒಂದೂವರೆ ಅಂಕಿಯಷ್ಟು ಪಕ್ಕಕ್ಕೆ ಸರಿದಿತ್ತು, ಅಷ್ಟೇ. ಇಳಿಜಾರಿನಲ್ಲಿ ಅಸ್ಗರಿ ಎಳೆದಿದ್ದ ಸಣ್ಣ ತಗ್ಗು ಕೂಡ ಇತ್ತು. ಅದು ತಪ್ಪಿರಬೇಕು, ಅಳಿಸಿರೆಂದು ರಾಯರು ಹೇಳಿದ್ದರು, ಅವಳು ಅಳಿಸಿರಲಿಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು. ಆದದ್ದು ಬೇರೆ. ನಾಲ್ಕು ವರ್ಷ ಕಲ್ಯಾಣಿಯ ಬೇವಿನ ಕೆಳಗೆ ಕೂತು ತಾನು ಬರೆದ ಮುಖ, ಕಣ್ಣಿಲ್ಲದ ಕತ್ತಲ ಕೊಳವೆಯೊಳಗೆ ಮೊದಲಿನಿಂದಲೂ ಇತ್ತು. ಈಗ ಅದು ಎದುರು ಬಂದು ಕೂತಿತ್ತು.

"ನಾವು ಇದನ್ನ ಮಾಡಿದ್ದಲ್ರಿ ರಾಯರ," ಎಂದಳು ಮೆಲ್ಲಗೆ.

"ಅಲ್ಲ," ಎಂದರು ರಾಯರು. "ಕಂಡದ್ದಷ್ಟೇ."

ಇಬ್ಬರ ಹೆಸರನ್ನೂ ಹಾಕಿ ಬರೆದು ಕಳಿಸೋಣ ಎಂದರು. ಬರೆಯಲು ಸುರು ಮಾಡುವಷ್ಟರಲ್ಲಿ ಅವರ ಕೆಮ್ಮಿನಲ್ಲಿ ರಕ್ತ ಬಂತು. ಅದಾದ ಮೇಲೆ ಕಾಲವೇ ಕೆಟ್ಟಿತು.

೧೯೪೮ರ ಬೇಸಿಗೆಯಲ್ಲಿ ನಿಜಾಮರ ಪರವಾಗಿ ಆಯುಧ ಹಿಡಿದ ರಜಾಕಾರರ ಹಾವಳಿಗೆ ಹೆದರಿ ಊರೂರಿನ ಹಿಂದೂ ಮನೆಗಳು ಗಡಿಯಾಚೆ ಸೊಲ್ಲಾಪುರದ ಕಡೆ ಹೊರಟವು. ರಾಯರೂ ತುಳಜಾಬಾಯಿಯೂ ಹೋಗುವ ಮುಂಚೆ ವಾಡೆಯ ಎರಡನೇ ಬೀಗದ ಕೈಯನ್ನು ಅಸ್ಗರಿಯ ಕೈಗೆ ಕೊಟ್ಟರು. "ಕಾಗದ ನೋಡ್ಕೋರಿ," ಎಂದಷ್ಟೇ ರಾಯರು ಹೇಳಿದರು. ಹತ್ತಿರದ ಗೋರ್ಟಾದಲ್ಲಿ ಅವರು ಜನರನ್ನು ಕೊಂದ ಸುದ್ದಿ ಬಂದ ದಿನ ಜಲಾಲುದ್ದೀನನ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಅದಾಗಿ ವಾರಕ್ಕೆ ಖಾಕಿ ತೊಟ್ಟ ನಾಲ್ವರು ಕಲ್ಯಾಣಿಯ ಮನೆಗೇ ಬಂದರು. ಹುಮನಾಬಾದಿನ ರಾಯನ ಜೊತೆ ಕಾಗದ ವ್ಯವಹಾರ ಏನು ಎಂದು ಕೇಳಿ, ಸುರುಳಿಯನ್ನು ಅಂಗಳದಲ್ಲಿ ಬಿಚ್ಚಿಸಿದರು. ಅವರ ಮುಖಂಡ ಕಪ್ಪು ದಿಬ್ಬದ ಮೇಲೆ ಬೂಟು ಇಟ್ಟ.

"ಇದು ಯಾವ ಊರಿನ ನಕ್ಷಾ?"

"ಊರಲ್ರಿ. ತವರದ ಬೆಳಕು."

"ಬೆಳಕ? ಎಲ್ಲದ, ತೋರ್ಸು."

"ಕಾಣೋದಲ್ರಿ ಅದು. ಗಾಳಿ ಸೋಕಿದ್ರ ಸಾಯ್ತದ. ಎಲ್ಲಾ ಬಂದು ಅಲ್ಲೇ ನಿಲ್ತಾವ, ನೀವು ಕಾಲಿಟ್ಟೀರಲ್ಲ, ಅಲ್ಲೇ."

ಅವಳು ಹೆದರಿಸಲೆಂದು ಹೇಳಿದ್ದಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದಳು. ಆ ಮನುಷ್ಯ ಬೂಟು ತೆಗೆದ. ಅವಳ ತೋಳಿನ ತಾಯತ ನೋಡಿದ, ಮತ್ತೆ ಕಾಗದ ನೋಡಿದ. ಬದಿಯ ಬಿಳಿ ಕಾಗದದ ಒಂದು ತುಂಡನ್ನಷ್ಟೇ ಹರಿದುಕೊಂಡು ಹೊರಟುಹೋದ.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ರಜಾಕಾರರು ಓಡಿದರು. ಈಗ ಹೆದರುವ ಸರದಿ ಅಸ್ಗರಿಯ ಓಣಿಯದು. ಯಾರು ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೋ ತಿಳಿಯದ ದಿನಗಳು. ಸುರುಳಿಯನ್ನು ಹೊತ್ತುಕೊಂಡು ತಂದೆ ಮಗಳು ನಸುಕಿನಲ್ಲಿ ಹೊರಟು ನಡೆದು ಹುಮನಾಬಾದ ಸೇರಿ, ರಾಯರ ವಾಡೆಯ ಬೀಗ ತೆಗೆದು ಒಳಗಿನಿಂದ ಅಗಳಿ ಹಾಕಿಕೊಂಡರು. ಹಿತ್ತಲ ಮನೆಯ ಹಾಲು ಮಾರುವ ಧೂಳಮ್ಮನಿಗೆ ಮಾತ್ರ ಗೊತ್ತಿತ್ತು. ದಿನಾ ಹಿಂಬಾಗಿಲಲ್ಲಿ ರೊಟ್ಟಿ, ಪುಂಡಿಪಲ್ಲೆ ಇಟ್ಟು ಹೋಗುತ್ತಿದ್ದಳು.

ಊರು ಬಿಡುವ ಮುಂಚೆ ರಾಯರು ಪಡಸಾಲೆಯ ಪರದೆಯನ್ನು ಮತ್ತೆ ಎಳೆದಿದ್ದರು. ಅದರಾಚೆ ರಾಯರ ಮೇಜಿನ ಮೇಲೆ ಒಂದು ಹಾಳೆ ಇತ್ತು. ಅವರದೇ ಅಕ್ಷರ, ಅಂಕಿಗಳಷ್ಟೇ. ಯಾವ ಲೋಹ, ಎಷ್ಟು ಕಿತ್ತದ್ದು, ಏನೂ ಬರೆದಿರಲಿಲ್ಲ. ಮೇಲ್ತುದಿಯಲ್ಲಿ 'ಅಸ್ಗರಿಬಿಗೆ' ಎಂದಿತ್ತು. ಮಾಡಲು ಬೇರೇನೂ ಇರಲಿಲ್ಲವಾಗಿ ಅವಳು ಈಚೆ ತನ್ನ ಜಾಗದಲ್ಲಿ ಕೂತು ಲೆಕ್ಕ ಹಿಡಿದಳು.

ಮೂರನೇ ದಿನ ಮಧ್ಯಾಹ್ನ. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು, ತಂದೆ ಒಳಗೆ ಮಲಗಿದ್ದ. ಪರದೆಯಾಚೆ ಯಾರೋ ಕೆಮ್ಮಿದರು. ಒಂದು ಸಲ, ಒಣಗಿದ ಕೆಮ್ಮು, ಮಾತು ಸುರು ಮಾಡುವ ಮುಂಚೆ ರಾಯರು ಕೆಮ್ಮುವ ಹಾಗೆ. ಅಸ್ಗರಿಯ ಲೆಕ್ಕಣಿಕೆ ನಿಂತಿತು. ಪರದೆ ಅಲುಗಲಿಲ್ಲ. ಆಗಷ್ಟೇ ಬರೆದ ಸಾಲಿನ ಮೇಲೆ ಅವಳ ಕಣ್ಣು ಬಿತ್ತು. ಮೂರನೇ ಅಂಕಿ ತಪ್ಪಾಗಿತ್ತು. ತಿದ್ದಿದಳು. ಎದ್ದು ಪರದೆ ಸರಿಸಿ ನೋಡುವ ಧೈರ್ಯ ಬರಲಿಲ್ಲ, ನೋಡದೆ ಕೂರುವ ಧೈರ್ಯವೂ ಇರಲಿಲ್ಲ. ಕೊನೆಗೆ ಎದ್ದು ನೋಡಿದಳು. ಮೇಜು, ಕುರ್ಚಿ, ಧೂಳು. ಧೂಳಿನ ಮೇಲೆ ತಾನು ಹಾಳೆ ಎತ್ತಿದ ಗುರುತು ಬಿಟ್ಟರೆ ಬೇರೆ ಯಾರ ಬೆರಳ ಗುರುತೂ ಇಲ್ಲ.

ಆ ತಿಂಗಳಲ್ಲಿ ಇನ್ನೂ ಮೂರು ಸಲ ಹಾಗಾಯಿತು. ಪ್ರತಿ ಸಲವೂ ಅವಳು ಲೆಕ್ಕ ತಪ್ಪಿದಾಗ. ತಂದೆಗೆ ಹೇಳಲಿಲ್ಲ. ಆ ಮನೆ ಬಿಟ್ಟರೆ ಅವರಿಗೆ ಬೇರೆ ದಿಕ್ಕಿರಲಿಲ್ಲ.

ಸಂಕ್ರಮಣದ ಮುಂಚೆ ತುಳಜಾಬಾಯಿ ಒಬ್ಬರೇ ಬಂದರು. ಮುಖ ನೋಡಿದರೆ ಎಲ್ಲ ಬರಿದಾಗಿ ಬಂದ ಹಾಗಿತ್ತು. ತಂದೆ ಮಗಳು ಅಡುಗೆಮನೆಯ ಬಾಗಿಲಲ್ಲಿ ಮುದ್ದೆಯಾಗಿ ನಿಂತಿದ್ದನ್ನು ಕಂಡು, "ಇರ್ರಿ, ಇರ್ರಿ, ಯಾಕ ನಿಂತೀರಿ? ಕೂಡ್ರಿ," ಎಂದರು. ನೀರು ಕುಡಿದ ಮೇಲೆ ಹೇಳಿದರು: "ದಿಗೂ ಹ್ವಾದ. ಶ್ರಾವಣದಾಗ, ನಾಗಪಂಚಮಿ ಮರುದಿನ. ಸೊಲ್ಲಾಪುರದಾಗ."

ಅಸ್ಗರಿ ಮನಸ್ಸಿನಲ್ಲೇ ದಿನ ಎಣಿಸಿದಳು. ಅವಳು ಕೆಮ್ಮು ಕೇಳಿದ್ದು ಅದಾಗಿ ಎರಡು ತಿಂಗಳಿಗೆ. ಕಣ್ಣು ಪರದೆಯ ಕಡೆ ಹೋಯಿತು.

"ಇಲ್ಲಿ ಅವನ ಕೆಮ್ಮು ಕೇಳಿತೇನು ನಿಮಗ?" ಎಂದು ಮುದುಕಿ ಅವಳ ಮುಖ ನೋಡಿ ಕೇಳಿದರು. "ಸೊಲ್ಲಾಪುರದಾಗ ಕೇಳಲಿಲ್ಲವ್ವಾ ನನಗ. ಒಂದು ದಿನಾನೂ ಕೇಳಲಿಲ್ಲ. ದಿನಾ ಕಿವಿ ಕೊಟ್ಟು ಕೂತಿದ್ದೆ." ಆಗ ಅವರು ಅತ್ತರು.

ಹಾಳೆಯ ಲೆಕ್ಕ ಅಷ್ಟರಲ್ಲಿ ಮುಗಿದಿತ್ತು. ಅದು ನೂರಾ ಮೂವತ್ತೈದಕ್ಕೆ ಬಂದಿರಲಿಲ್ಲ. ಸುಳ್ಳು ಅಂಕಿಯಂತೆ ಚೆಲ್ಲಿಯೂ ಹೋಗಿರಲಿಲ್ಲ. ಅರವತ್ತೆಂಟರ ಹತ್ತಿರ, ಕೂದಲೆಳೆಯೂ ಹೋಗದಷ್ಟು ದಟ್ಟವಾಗಿ ಕೂಡಿಕೊಂಡಿತ್ತು. ಅಸ್ಗರಿ ಅದನ್ನು ಕಲಕತ್ತೆಗೆ ಕಳಿಸಿದಳು. ಎರಡು ತಿಂಗಳ ಮೇಲೆ ರಾಯರ ಗೆಳೆಯ ಉತ್ತರ ಬರೆದ: ತಾನು ಬಲ್ಲ ಯಾವ ಲೋಹಕ್ಕೂ ಈ ಅಂಕಿಗಳು ಹೊಂದುವುದಿಲ್ಲ, ದಿಗಂಬರ ಇದರ ವಿಷಯ ತನಗೆ ಎಂದೂ ಬರೆದಿರಲಿಲ್ಲ, ಕೊನೆಯ ದಿನಗಳ ಜ್ವರದಲ್ಲಿ ಬರೆದದ್ದಿರಬಹುದು. ಲೆಕ್ಕ ಮಾತ್ರ ಎಲ್ಲೂ ತಪ್ಪಿಲ್ಲ ಎಂದೂ ಬರೆದಿದ್ದ.

ತವರದ ಕಪ್ಪು ದಿಬ್ಬದ ಲೇಖನ ಅಚ್ಚಾಗಲಿಲ್ಲ. ಅರ್ಧ ಬರೆದವರು ಹೋಗಿದ್ದರು, ಉಳಿದರ್ಧ ಬರೆಯಲು ಬೇಕಾದ ಇಂಗ್ಲಿಷು ಅಸ್ಗರಿಗೆ ಬರುತ್ತಿರಲಿಲ್ಲ. ಶಾಂತಿ ನೆಲೆಸಿದ ಮೇಲೆ ಅವಳು ಕಲ್ಯಾಣಿಯ ಶಾಲೆಗೆ ಮರಳಿದಳು. ಉರ್ದು ಹೋಗಿ ಬೇರೆ ಭಾಷೆಯಲ್ಲಿ ಪಾಠ ಮಾಡಬೇಕಾದಾಗಲೂ ಅವಳಿಗೆ ಕಷ್ಟವೆನಿಸಲಿಲ್ಲ. ಅವಳು ಕಲಿಸುತ್ತಿದ್ದದ್ದು ಅಂಕಿ.

ಶುಕ್ರವಾರದ ರಜೆ ಹೋಗಿ ಭಾನುವಾರ ಬಂದಿತ್ತು. ಭಾನುವಾರಗಳಂದು ಅವಳು ಹುಮನಾಬಾದಿಗೆ ಹೋಗುತ್ತಾಳೆ. ತುಳಜಾಬಾಯಿ ಇಬ್ಬರಿಗೂ ಚಹಾ ಮಾಡುತ್ತಾರೆ. ಆಮೇಲೆ ಪಡಸಾಲೆಯಲ್ಲಿ ಪರದೆಯ ಈಚೆ ಇಬ್ಬರೂ ಕೂರುತ್ತಾರೆ. ಅಸ್ಗರಿ ಆ ಹೆಸರಿಲ್ಲದ ಹಾಳೆಯನ್ನು ತೆಗೆದು ಮತ್ತೆ ಮೊದಲ ಸಾಲಿನಿಂದ ಸುರು ಮಾಡುತ್ತಾಳೆ. ಒಮ್ಮೊಮ್ಮೆ, ಬೇಕೆಂದೇ, ಒಂದು ಅಂಕಿ ತಪ್ಪಿಸಿ ಬರೆಯುತ್ತಾಳೆ. ಮುದುಕಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಸೆರಗು ಕಿವಿಯಿಂದ ಹಿಂದಕ್ಕೆ ಸರಿಸಿ, ಕಾಯುತ್ತಾ ಕೂರುತ್ತಾರೆ.